ಗಾಲ್ಫ್ ಚೆಂಡಿನ ಆಯ್ಕೆ: ಡ್ರೈವರ್‌ನಿಂದ ಆರಂಭಿಸಬೇಕೋ, ಗ್ರೀನ್‌ನಿಂದಲೋ?

ಕೋಥ್ರೂಡ್ ಮಲೆನಾಡಿಗ (ಪುಣೆ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನಾದ ನಾನು ಪುಣೆಗೆ ಬಂದು ಹನ್ನೊಂದು ವರ್ಷವಾಯಿತು, ಗಾಲ್ಫ್ ಆಡಲು ಶುರುಮಾಡಿ ಎರಡೂವರೆ ವರ್ಷ. ಹ್ಯಾಂಡಿಕ್ಯಾಪ್ (ಆಟಗಾರನ ಮಟ್ಟದ ಅಳತೆ, ಕಡಿಮೆಯಾದಷ್ಟೂ ಒಳ್ಳೆಯದು) ಸದ್ಯ 23ರ ಆಸುಪಾಸಿನಲ್ಲಿದೆ. ಕ್ಲಬ್‌ಗಳನ್ನು ಕೊಳ್ಳುವ ಮುನ್ನ ಮೂರು ತಿಂಗಳು ಹತ್ತು ಜನರನ್ನು ವಿಚಾರಿಸಿದ್ದ ನಾನು, ಚೆಂಡಿನ ಬಗ್ಗೆ ಒಂದು ದಿನವೂ ಯೋಚಿಸಿರಲಿಲ್ಲ ಎಂಬುದು ಕಳೆದ ಭಾನುವಾರ ಅರಿವಿಗೆ ಬಂತು.

ನಡೆದದ್ದು ಇಷ್ಟು. ಒಂದು ಪಾರ್-4 ಹೋಲ್‌ನಲ್ಲಿ (ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದದ್ದು) ಗ್ರೀನ್‌ಗೆ, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಅಂಗಳಕ್ಕೆ, ನಲವತ್ತು ಗಜ ಉಳಿದಿತ್ತು. ಚೆಂಡನ್ನು ಮೇಲಕ್ಕೆತ್ತುವ ಸ್ಯಾಂಡ್ ವೆಡ್ಜ್ ಕ್ಲಬ್‌ನಿಂದ ಎತ್ತಿ ಹೊಡೆದೆ. ಚೆಂಡು ಗ್ರೀನ್ ಮೇಲೆ ಬಿದ್ದು, ಎರಡು ಸಲ ಪುಟಿದು, ಯಾರೋ ಹಿಂದಿನಿಂದ ಹಿಡಿದೆಳೆದಂತೆ ನಿಂತಿತು. ಎರಡು ಹೋಲ್ ದಾಟಿದ ಮೇಲೆ ಹೆಚ್ಚುಕಡಿಮೆ ಅದೇ ದೂರ, ಅದೇ ವೆಡ್ಜ್, ನನಗೆ ತಿಳಿದ ಮಟ್ಟಿಗೆ ಅದೇ ಹೊಡೆತ. ಈ ಸಲ ಚೆಂಡು ಗ್ರೀನ್ ಉದ್ದಕ್ಕೂ ಉರುಳಿ ಹಿಂದಿನ ಬಂಕರ್‌ಗೆ, ಅಂದರೆ ಮರಳುಗುಂಡಿಗೆ, ಇಳಿಯಿತು. ಚೀಲ ಹೊರುವ ಕ್ಯಾಡಿ ಅದನ್ನು ಒರೆಸಿ ಕೈಗಿಡುತ್ತಾ, "ಸಾಹೇಬ್, ಹಾ ಬಾಲ್ ವೇಗಳಾ ಆಹೇ" ಎಂದ. ಈ ಚೆಂಡೇ ಬೇರೆ ಎಂದು.

ಮನೆಗೆ ಬಂದು ಚೀಲ ಸುರಿದೆ. ಹತ್ತೊಂಬತ್ತು ಚೆಂಡುಗಳು, ಒಂಬತ್ತು ಬಗೆ. ಕೆಲವು ಕಂಪನಿಯ ಸಮಾರಂಭದಲ್ಲಿ ಉಡುಗೊರೆಯಾಗಿ ಬಂದವು, ಕೆಲವು ಕೊಳದಿಂದ ಹೆಕ್ಕಿದ್ದನ್ನು ಕ್ಯಾಡಿಗಳಿಂದ ಕೊಂಡವು, ಎರಡರ ಮೇಲಿನ ಅಕ್ಷರವೇ ಅಳಿಸಿಹೋಗಿದೆ. ಒಂದೇ ಬಗೆಯ ಚೆಂಡಿಗೆ ಅಂಟಿಕೊಳ್ಳಬೇಕೆಂದು ತೀರ್ಮಾನಿಸಿದ್ದೇನೆ. ಆದರೆ ಯಾವುದಕ್ಕೆ, ಮತ್ತು ಯಾವ ಆಧಾರದ ಮೇಲೆ? ಡಬ್ಬಿಗಳ ಮೇಲೆಲ್ಲ ಹೆಚ್ಚು ದೂರ, ಹೆಚ್ಚು ಮೃದು ಎಂಬ ಮಾತುಗಳೇ ಇವೆ. ಅನುಭವಿಗಳು ದಾರಿ ತೋರಿಸಬೇಕಾಗಿ ವಿನಂತಿ.

ಮುಳಾ-ಮುಠಾ (ಪುಣೆ)

ನಿಮ್ಮ ಪ್ರಶ್ನೆಗೆ ಉತ್ತರವನ್ನು ನಿಮ್ಮ ಕ್ಯಾಡಿಯೇ ಬಂಕರ್ ಪಕ್ಕದಲ್ಲಿ ಅರ್ಧ ಕೊಟ್ಟಿದ್ದಾನೆ. ಉಳಿದರ್ಧಕ್ಕೆ ನಿಮ್ಮದೇ ಸ್ಕೋರ್‌ಕಾರ್ಡ್ ಸಾಕು. ಹದಿನೆಂಟು ಹೋಲ್‌ಗಳ, ಪಾರ್-72ರ ಸಾಮಾನ್ಯ ಕೋರ್ಸ್‌ನಲ್ಲಿ ನಾಲ್ಕು ಪಾರ್-3ಗಳನ್ನು ಬಿಟ್ಟರೆ ದೂರಕ್ಕೆ ಹೊಡೆಯುವ ಡ್ರೈವರ್ ಕ್ಲಬ್ ಹಿಡಿಯಲು ಅವಕಾಶವಿರುವುದು ಹದಿನಾಲ್ಕು ಸಲ ಮಾತ್ರ. ನೀವು 95 ಹೊಡೆಯುವವರಾದರೆ ಮಿಕ್ಕ ಎಂಬತ್ತೊಂದು ಹೊಡೆತಗಳು ಬೇರೆಡೆ ಖರ್ಚಾಗುತ್ತಿವೆ, ಅವುಗಳಲ್ಲಿ ದೊಡ್ಡ ಪಾಲು ಗ್ರೀನ್‌ನ ಐವತ್ತು ಗಜದೊಳಗೆ. ಹೀಗಿರುವಾಗ ಡ್ರೈವರ್‌ನಲ್ಲಿ ಐದು ಗಜ ಮುಂದೆ ಹೋಯಿತೇ ಎಂದು ನೋಡಿ ಚೆಂಡು ಆರಿಸುವುದು, ಅಡುಗೆಮನೆಯನ್ನು ನೋಡದೆ ಬರೀ ಹೆಬ್ಬಾಗಿಲು ನೋಡಿ ಮನೆ ಕೊಂಡಂತೆ. ಗ್ರೀನ್‌ನಿಂದ ಹಿಂದಕ್ಕೆ ಬನ್ನಿ: ಮೊದಲು ಚಿಪ್ ಮತ್ತು ಪಿಚ್ (ಗ್ರೀನ್ ಹತ್ತಿರದ ಸಣ್ಣ ಹೊಡೆತಗಳು), ಆಮೇಲೆ ಗ್ರೀನ್‌ಗೆ ಹೊಡೆಯುವ ಐರನ್‌ಗಳು, ಕಟ್ಟಕಡೆಗೆ ಡ್ರೈವರ್.

ಇದಕ್ಕೆ ಕಾರಣವಿದೆ. ಡ್ರೈವರ್ ಹೊಡೆತದಲ್ಲಿ ಒಳ್ಳೆಯ ಕಂಪನಿಗಳ ಚೆಂಡುಗಳ ನಡುವಿನ ಅಂತರ ನಮ್ಮ ವೇಗದವರಿಗೆ ಕೆಲವೇ ಗಜ. ಅದಕ್ಕಿಂತ ಹೆಚ್ಚಿನ ಏರುಪೇರು ನಮ್ಮ ಸ್ವಿಂಗ್‌ನಲ್ಲೇ ಇರುತ್ತದೆ. ವೆಡ್ಜ್‌ನಲ್ಲಿ ಹಾಗಲ್ಲ. ಅಲ್ಲಿ ಚೆಂಡಿನ ಹೊರಕವಚ ಯಾವುದರಿಂದ ಆಗಿದೆ ಎಂಬುದು ಕಣ್ಣಿಗೆ ಕಾಣುವಷ್ಟು ವ್ಯತ್ಯಾಸ ಮಾಡುತ್ತದೆ. ಹೊರಕವಚಗಳಲ್ಲಿ ಮುಖ್ಯವಾದವು ಎರಡು: ಗಟ್ಟಿಯಾದ ಅಯೊನೊಮರ್, ಅಂದರೆ ಹಳಬರು ಸರ್ಲಿನ್ ಎನ್ನುವ ವಸ್ತು, ಮತ್ತು ಮೃದುವಾಗಿ ವೆಡ್ಜ್‌ನ ಗೀರುಗಳಿಗೆ ಕಚ್ಚಿಕೊಳ್ಳುವ ಯುರಥೇನ್. ನಿಮ್ಮ ಮೊದಲ ಚೆಂಡು ಬಹುಶಃ ಯುರಥೇನ್ ಕವಚದ್ದು, ಬಂಕರ್‌ಗೆ ಹೋದದ್ದು ಅಯೊನೊಮರ್‌ನದು. ಟೈಟ್ಲಿಸ್ಟ್ ಪ್ರೊ ವಿ1, ಟೇಲರ್‌ಮೇಡ್ ಟಿಪಿ5, ಸ್ರಿಕ್ಸನ್ ಝಡ್-ಸ್ಟಾರ್ ಯುರಥೇನ್ ಬಗೆಯವು. ಕ್ಯಾಲವೇ ಸೂಪರ್‌ಸಾಫ್ಟ್, ಸ್ರಿಕ್ಸನ್ ಸಾಫ್ಟ್ ಫೀಲ್ ಅಯೊನೊಮರ್ ಬಗೆಯವು. ಹೆಸರಿನಲ್ಲಿ ಸಾಫ್ಟ್ ಎಂದಿದ್ದ ಮಾತ್ರಕ್ಕೆ ಗ್ರೀನ್ ಮೇಲೆ ನಿಲ್ಲುತ್ತದೆಂದು ತಿಳಿಯಬಾರದು. ಅದು ಒಳಗಿನ ತಿರುಳಿನ ಮೃದುತ್ವ. ನಿಲ್ಲಿಸುವುದು ಹೊರಗಿನ ಕವಚ. ಈ ಎರಡರ ಗೊಂದಲದಲ್ಲಿ ನಾನೇ ನಾಲ್ಕು ವರ್ಷ ಕಳೆದಿದ್ದೇನೆ.

ಪರೀಕ್ಷೆ ಮಾಡುವ ಕ್ರಮ ಹೇಳುತ್ತೇನೆ. ಮೂರು ಚೆಂಡಿನ ಪೊಟ್ಟಣಗಳನ್ನು ಎರಡು ಮೂರು ಬಗೆಯಲ್ಲಿ ತನ್ನಿ. ಜನ ಕಡಿಮೆ ಇರುವ ಹೊತ್ತಿನಲ್ಲಿ, ಅಭ್ಯಾಸಕ್ಕೆ ಅನುಮತಿ ಇರುವ ಚಿಪ್ಪಿಂಗ್ ಗ್ರೀನ್‌ನಲ್ಲಿ, ಹತ್ತು, ಇಪ್ಪತ್ತು ಮತ್ತು ನಲವತ್ತು ಗಜದಿಂದ ಎಲ್ಲವನ್ನೂ ಬೆರೆಸಿ ಹೊಡೆಯಿರಿ. ಯಾವ ಚೆಂಡು ಎಂದು ನೋಡದೆ ಹೊಡೆದು, ನಿಂತ ಮೇಲೆ ಮಾತ್ರ ನೋಡಿ. ಮೊದಲೇ ನೋಡಿದರೆ ದುಬಾರಿ ಚೆಂಡಿಗೆ ಕೈ ತಾನಾಗಿಯೇ ಒಳ್ಳೆಯ ಹೊಡೆತ ಕೊಡುತ್ತದೆ.

ಚೆಂಬೂರಿನಿಂದ (ಮುಂಬಯಿ)

ಮೇಲಿನವರ ಮಾತು ತಾತ್ವಿಕವಾಗಿ ಸರಿ. ಆದರೆ 23 ಹ್ಯಾಂಡಿಕ್ಯಾಪ್‌ನವರಿಗೆ ಅದನ್ನು ಹಾಗೆಯೇ ಒಪ್ಪಿಸುವುದಕ್ಕೆ ನನ್ನ ವಿರೋಧವಿದೆ. ಮೊದಲ ಪ್ರಶ್ನೆ, ಒಂದು ರೌಂಡ್‌ನಲ್ಲಿ ಎಷ್ಟು ಚೆಂಡು ಕಳೆಯುತ್ತೀರಿ? ನಾಲ್ಕೈದು ಎಂದಾದರೆ ಯುರಥೇನ್ ಚೆಂಡು ನಿಮಗೆ ಈಗಲೇ ಬೇಡ. ಖರ್ಚಿನ ಮಾತು ಒತ್ತಟ್ಟಿಗಿರಲಿ, ಮುಂದೆ ನೀರಿರುವ ಹೋಲ್‌ನಲ್ಲಿ ಟೀ ಮೇಲೆ ದುಬಾರಿ ಚೆಂಡು ಇಟ್ಟಾಗ ಮನಸ್ಸು ಹೆದರುತ್ತದೆ, ಹೆದರಿದ ಕೈ ಬಿಗಿಯುತ್ತದೆ, ಬಿಗಿದ ಕೈ ಚೆಂಡನ್ನು ಅದೇ ನೀರಿಗೆ ಕಳಿಸುತ್ತದೆ. ಇದನ್ನು ನಾನು ಕಂಡಿದ್ದೇನೆ, ಅನುಭವಿಸಿದ್ದೇನೆ.

ಇನ್ನೊಂದು ಎಚ್ಚರಿಕೆ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರಿಂದ ಒಂದು ಡಜನ್ ಪ್ರಸಿದ್ಧ ಚೆಂಡುಗಳನ್ನು ಅರ್ಧದಷ್ಟು ಬೆಲೆಗೆ ತರಿಸಿಕೊಂಡೆ. ಡಬ್ಬಿ ಹೊಸದು, ಚೆಂಡು ಹೊಳೆಯುತ್ತಿತ್ತು. ಮೂರನೆಯ ಹೋಲ್‌ನಲ್ಲಿ ಬಂಕರ್‌ನಿಂದ ಹೊರಬಂದ ಚೆಂಡಿನ ಮೇಲೆ ಉಗುರಿನಷ್ಟು ಬಿಳಿ ಪದರ ಎದ್ದಿತ್ತು. ಅದನ್ನು ಕೆರೆದರೆ ಕೆಳಗೆ ಯಾವುದೋ ಕ್ಲಬ್‌ನ ಹಳೆಯ ಮುದ್ರೆ! ಕೊಳದಿಂದ ತೆಗೆದ ಚೆಂಡಿಗೆ ಬಣ್ಣ ಬಳಿದು, ಹೊಸ ಹೆಸರು ಒತ್ತಿ ಮಾರಿದ್ದರು. ಬಣ್ಣದ ಹೆಚ್ಚುವರಿ ಪದರ ಡಿಂಪಲ್‌ಗಳನ್ನು, ಅಂದರೆ ಚೆಂಡಿನ ಮೈಮೇಲಿನ ಸಣ್ಣ ತಗ್ಗುಗಳನ್ನು, ತುಂಬಿಬಿಟ್ಟರೆ ಚೆಂಡಿನ ಹಾರಾಟವೇ ಬೇರೆಯಾಗುತ್ತದೆ. ಹಣ ವಾಪಸ್ಸು ಬರಲಿಲ್ಲ. ಅಂದಿನಿಂದ ಅಂಗಡಿಯಲ್ಲಿ ಕಣ್ಣಾರೆ ನೋಡಿದ ಹೊರತು ಕೊಳ್ಳುವುದಿಲ್ಲ.

ರಬ್ಬರ್ ರಾಯರು (ಪಿಂಪ್ರಿ-ಚಿಂಚವಾಡ)

ರಬ್ಬರ್ ಉದ್ಯಮದಲ್ಲಿ ಇಪ್ಪತ್ತಾರು ವರ್ಷ ದುಡಿದವನಾದ್ದರಿಂದ ಈ ಚರ್ಚೆಯಲ್ಲಿ ಸುಮ್ಮನಿರಲು ಆಗುತ್ತಿಲ್ಲ. ಚೆಂಡಿನ ಒಳಗನ್ನು ತಿಳಿದರೆ ಡಬ್ಬಿಯ ಮೇಲಿನ ಮಾತುಗಳನ್ನು ಅಳೆಯುವುದು ಸುಲಭ.

ನಡುವಿನ ತಿರುಳು ಪಾಲಿಬ್ಯೂಟಡೈನ್ ಎಂಬ ಕೃತಕ ರಬ್ಬರ್. ಅದಕ್ಕೆ ಝಿಂಕ್ ಡೈಅಕ್ರಿಲೇಟ್ ಮತ್ತು ಪೆರಾಕ್ಸೈಡ್ ಬೆರೆಸಿ, ಅಚ್ಚಿನಲ್ಲಿ ಬಿಸಿಯಿಂದ ಬೇಯಿಸಿ ಗಟ್ಟಿಮಾಡುತ್ತಾರೆ. ಎಷ್ಟು ಬೆರೆಸಿದರು, ಹೇಗೆ ಬೇಯಿಸಿದರು ಎಂಬುದರ ಮೇಲೆ ತಿರುಳು ಗಟ್ಟಿಯೋ ಮೃದುವೋ ಎಂಬುದು ನಿಂತಿದೆ. ಎರಡು ಪದರದ ಚೆಂಡಿನಲ್ಲಿ ಈ ತಿರುಳಿನ ಮೇಲೆ ನೇರವಾಗಿ ಕವಚ. ಮೂರು, ನಾಲ್ಕು, ಐದು ಪದರದವುಗಳಲ್ಲಿ ನಡುವೆ ಗಟ್ಟಿ ಹೊದಿಕೆಗಳು ಬರುತ್ತವೆ. ಡ್ರೈವರ್‌ನ ದೊಡ್ಡ ಪೆಟ್ಟು ತಿರುಳಿನವರೆಗೂ ಇಳಿಯುತ್ತದೆ. ವೆಡ್ಜ್‌ನ ಸಣ್ಣ ಪೆಟ್ಟು ಹೊರಗಿನ ತೆಳು ಕವಚದಲ್ಲೇ ಮುಗಿಯುತ್ತದೆ. ಆ ಮೃದು ಕವಚ ಕೆಳಗಿನ ಗಟ್ಟಿ ಹೊದಿಕೆಗೂ ವೆಡ್ಜ್‌ನ ಮುಖಕ್ಕೂ ನಡುವೆ ಸಿಕ್ಕಿ ಹಿಡಿತ ಕೊಡುತ್ತದೆ. ಒಂದೇ ಚೆಂಡು ಡ್ರೈವರ್‌ನಲ್ಲಿ ಕಡಿಮೆ ತಿರುಗಿ ವೆಡ್ಜ್‌ನಲ್ಲಿ ಹೆಚ್ಚು ತಿರುಗುವ ಗುಟ್ಟು ಇದೇ. ಕ್ಲಬ್ಬಿಗೂ ಚೆಂಡಿಗೂ ಇರುವ ಸಂಪರ್ಕ ಸುಮಾರು ಅರ್ಧ ಮಿಲಿಸೆಕೆಂಡ್ ಮಾತ್ರ. ಎಲ್ಲ ಲೆಕ್ಕವೂ ಅಷ್ಟರೊಳಗೆ ಇತ್ಯರ್ಥ.

ಈ ಅನುಕೂಲ ಹಿಂದೆ ಇರಲಿಲ್ಲ. 1848ರ ಹೊತ್ತಿಗೆ ಬಂದ ಗಟ್ಟಾಪರ್ಚಾ (ರಬ್ಬರಿನಂಥ ಮರದ ಅಂಟು) ಚೆಂಡು ಒಂದೇ ಮುದ್ದೆ. ಹೊಚ್ಚ ಹೊಸದಾಗಿ ನುಣುಪಾಗಿದ್ದಾಗ ಅದು ಸರಿಯಾಗಿ ಹಾರುತ್ತಿರಲಿಲ್ಲ, ಏಟು ತಿಂದು ಗಾಯಗಳಾದ ಮೇಲೆ ಚೆನ್ನಾಗಿ ಹಾರುತ್ತಿತ್ತು. ಡಿಂಪಲ್‌ಗಳ ಕಥೆ ಆರಂಭವಾಗುವುದು ಆ ಗಾಯಗಳಿಂದಲೇ. ತಗ್ಗುಗಳು ಚೆಂಡಿನ ಮೈಗಂಟಿದ ಗಾಳಿಯ ತೆಳು ಪದರವನ್ನು ಕದಡಿ, ಅದು ಹಿಂಬದಿಯವರೆಗೂ ಅಂಟಿಕೊಂಡಿರುವಂತೆ ಮಾಡುತ್ತವೆ. ಹಿಂದಿನ ಸುಳಿ ಕಿರಿದಾಗುತ್ತದೆ, ಎಳೆತ ಕಡಿಮೆಯಾಗುತ್ತದೆ. ಪೂರ್ತಿ ನುಣುಪಾದ ಚೆಂಡು ಇವತ್ತಿನ ಚೆಂಡಿನ ಸುಮಾರು ಅರ್ಧದಷ್ಟೇ ದೂರ ಹೋಗುತ್ತದೆ. 1898ರಲ್ಲಿ ಹ್ಯಾಸ್ಕೆಲ್ ರಬ್ಬರ್ ದಾರ ಸುತ್ತಿದ ಚೆಂಡು ತಂದರು, 1905ರಲ್ಲಿ ಇಂಗ್ಲೆಂಡಿನ ವಿಲಿಯಂ ಟೇಲರ್ ಡಿಂಪಲ್‌ಗೆ ಪೇಟೆಂಟ್ ಪಡೆದರು. ಆಮೇಲೆ ಬಹುಕಾಲ ಆಯ್ಕೆ ಕಠಿಣವಾಗಿಯೇ ಉಳಿಯಿತು: ಬಲಾಟಾ ಎಂಬ ಮೃದುವಾದ ರಬ್ಬರಿನಂಥ ವಸ್ತುವಿನ ಕವಚದ ಚೆಂಡು ಗ್ರೀನ್ ಮೇಲೆ ನಿಲ್ಲುತ್ತಿತ್ತು, ಆದರೆ ಒಂದು ತಪ್ಪು ಹೊಡೆತಕ್ಕೆ ಬಾಯಿ ಬಿಡುತ್ತಿತ್ತು, ಸರ್ಲಿನ್ ಚೆಂಡು ದೂರ ಹೋಗುತ್ತಿತ್ತು, ಬಾಳುತ್ತಿತ್ತು, ನಿಲ್ಲುತ್ತಿರಲಿಲ್ಲ. 2000ದ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನ ಟೂರ್ನಿಯಲ್ಲಿ ಪ್ರೊ ವಿ1 ಮೊದಲ ಸಲ ಕಾಣಿಸಿಕೊಂಡಾಗ 47 ವೃತ್ತಿಪರರು ಒಂದೇ ವಾರದಲ್ಲಿ ಅದಕ್ಕೆ ಬದಲಾದದ್ದು, ಆ ಹಳೆಯ ಕಟ್ಟು ಬಿಚ್ಚಿಹೋಯಿತೆಂಬ ಕಾರಣಕ್ಕೆ. ಇವತ್ತು ದೂರ ಬೇಕೋ ಸ್ಪಿನ್ ಬೇಕೋ ಎಂದು ಕೇಳುವವರು ಇಪ್ಪತ್ತೈದು ವರ್ಷ ಹಿಂದಿನ ಪ್ರಶ್ನೆಯನ್ನು ಕೇಳುತ್ತಿದ್ದಾರೆ.

ಚೆಂಬೂರಿನವರ ಆಕ್ಷೇಪಕ್ಕೆ ಒಂದು ಮಾತು. ಯುರಥೇನ್ ಎಂದರೆ ಅತಿ ದುಬಾರಿಯೇ ಆಗಬೇಕಿಲ್ಲ. ಸ್ರಿಕ್ಸನ್ ಕ್ಯೂ-ಸ್ಟಾರ್ ಟೂರ್, ಟೇಲರ್‌ಮೇಡ್ ಟೂರ್ ರೆಸ್ಪಾನ್ಸ್ ಮೂರು ಪದರದ ಯುರಥೇನ್ ಚೆಂಡುಗಳೇ, ಬೆಲೆ ಮೇಲ್ದರ್ಜೆಯವಕ್ಕಿಂತ ಕಡಿಮೆ.

ಬಾವಧನ್ ಬೆಳಗಾವಿ (ಪುಣೆ)

ಕಂಪ್ರೆಷನ್ (ಪೆಟ್ಟಿಗೆ ಚೆಂಡು ಎಷ್ಟು ಅಮುಕುತ್ತದೆ ಎಂಬ ಅಳತೆ, ಅಂಕಿ ಕಡಿಮೆಯಾದಷ್ಟೂ ಮೃದು) ಎಂಬ ಪದ ಇನ್ನೂ ಬಂದಿಲ್ಲ, ಆದರೆ ಬಂದೇ ಬರುತ್ತದೆ. ಅದರ ಬಗ್ಗೆ ಹೆಣ್ಣುಮಕ್ಕಳ ಪರವಾಗಿ ಒಂದಿಷ್ಟು ಬರೆಯಬೇಕಿದೆ.

ನನ್ನ ಡ್ರೈವರ್ ವೇಗ ಗಂಟೆಗೆ 68 ಮೈಲಿ. ಆಟ ಕಲಿಯಲು ಹೋದ ಮೊದಲ ದಿನದಿಂದ ಎಲ್ಲರೂ ಹೇಳಿದ್ದು ಒಂದೇ: ನಿಧಾನದ ಸ್ವಿಂಗ್‌ನವರು ಕಡಿಮೆ ಕಂಪ್ರೆಷನ್‌ನ ಚೆಂಡನ್ನೇ ಆಡಬೇಕು, ಗಟ್ಟಿ ಚೆಂಡನ್ನು ನೀವು ಅಮುಕಲಾರಿರಿ. ಗುಲಾಬಿ ಬಣ್ಣದ ಡಬ್ಬಿ ಕೈಗಿಡುತ್ತಿದ್ದರು. ನಾಲ್ಕು ವರ್ಷ ಅದನ್ನೇ ಆಡಿದೆ. ಕಳೆದ ವರ್ಷ ಸ್ಪಿನ್ ಅಳೆಯುವ ಯಂತ್ರದ ಮುಂದೆ ನಿಂತು, 40ರ ಆಸುಪಾಸಿನ ಕಂಪ್ರೆಷನ್‌ನ ಚೆಂಡನ್ನೂ 90ರ ಆಸುಪಾಸಿನದನ್ನೂ ಹೊಡೆದು ನೋಡಿದೆ. ಡ್ರೈವರ್‌ನಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಜಾಗಕ್ಕೆ ಹೋದವು. ಏಳನೇ ಐರನ್‌ನಲ್ಲಿ ಮಾತ್ರ ಮೃದು ಚೆಂಡು ಕೆಳಮಟ್ಟದಲ್ಲಿ ಹಾರಿ, ಕಡಿಮೆ ತಿರುಗಿ, ಗ್ರೀನ್ ಮೇಲೆ ನಿಲ್ಲುವ ಲಕ್ಷಣವೇ ಇರಲಿಲ್ಲ. ನಿಧಾನ ಸ್ವಿಂಗ್‌ನವರಿಗೆ ಮೊದಲೇ ಎತ್ತರ ಸಿಗುವುದಿಲ್ಲ, ಸ್ಪಿನ್ ಸಿಗುವುದಿಲ್ಲ. ಇರುವಷ್ಟನ್ನೂ ಕಿತ್ತುಕೊಳ್ಳುವ ಚೆಂಡನ್ನು ನಮಗಾಗಿಯೇ ಮಾಡಿದ್ದು ಎಂದು ಮಾರುತ್ತಾರಲ್ಲ, ಅದು ನನಗೆ ನಿಜಕ್ಕೂ ಬೇಸರದ ಸಂಗತಿ. ನಾನು ವಾಸವಿರುವ ಕಡೆಯ ಕೋರ್ಸ್ ಗುಡ್ಡದ ಮೇಲಿದೆ. ಎತ್ತರದ ಗ್ರೀನ್‌ಗಳಿಗೆ ಕೆಳಗಿನಿಂದ ಹೊಡೆಯುವಾಗ ಚೆಂಡು ಎತ್ತರದಿಂದ ಇಳಿಯದಿದ್ದರೆ ನಿಲ್ಲುವ ಮಾತೇ ಇಲ್ಲ.

ಕಂಪ್ರೆಷನ್ ಎಂಬುದು ಕೈಗೆ ಹೇಗೆ ಅನಿಸುತ್ತದೆ, ಕಿವಿಗೆ ಹೇಗೆ ಕೇಳಿಸುತ್ತದೆ ಎಂಬ ವಿಷಯ. ಗ್ರೀನ್ ಮೇಲೆ ಚೆಂಡನ್ನು ಉರುಳಿಸುವ ಪಟ್ಟರ್‌ನಲ್ಲಿ ಮೃದು ಚೆಂಡಿನ ಸದ್ದು ಹಿತವಾಗಿರುತ್ತದೆ, ಅದನ್ನು ಇಷ್ಟಪಟ್ಟು ಆಡುವವರು ಧಾರಾಳವಾಗಿ ಆಡಲಿ. ಆದರೆ ವೇಗ ನೋಡಿ ಕಂಪ್ರೆಷನ್ ಹಂಚುವ ಪದ್ಧತಿಯನ್ನು ಬಿಡಬೇಕು.

ನಮ್ಮ ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ಟೋಕಿಯೋ ಒಲಿಂಪಿಕ್ಸ್‌ನಲ್ಲಿ 4ನೇ ಸ್ಥಾನಕ್ಕೆ ಬಂದದ್ದನ್ನು ನೆನಪಿಸಿಕೊಳ್ಳಿ. ಡ್ರೈವರ್ ದೂರದಲ್ಲಿ ಅವರು ಉಳಿದವರಿಗಿಂತ ಬಹಳ ಹಿಂದಿದ್ದರು. ಪದಕದ ಹತ್ತಿರ ಅವರನ್ನು ಒಯ್ದದ್ದು ಗ್ರೀನ್ ಸುತ್ತಲಿನ ಆಟ ಮತ್ತು ಪಟ್ಟರ್. ಆ ನಾಲ್ಕು ದಿನ ಬೆಳಗಿನ ಜಾವ ಎದ್ದು ಟಿವಿ ಮುಂದೆ ಕೂತವರಿಗೆ ಗ್ರೀನ್‌ನಿಂದ ಹಿಂದಕ್ಕೆ ಬನ್ನಿ ಎಂಬ ಮಾತನ್ನು ಬೇರೆ ಬಿಡಿಸಿ ಹೇಳಬೇಕಿಲ್ಲ.

ಕೋಥ್ರೂಡ್ ಮಲೆನಾಡಿಗ (ಪುಣೆ)

ಇಷ್ಟು ವಿವರ ಸಿಗುತ್ತದೆಂದು ಎಣಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ. ಚೆಂಬೂರಿನವರ ಪ್ರಶ್ನೆಗೆ ಉತ್ತರ: ಕಳೆದ ನಾಲ್ಕು ರೌಂಡ್‌ಗಳಲ್ಲಿ ಕಳೆದದ್ದು ಒಟ್ಟು ಒಂಬತ್ತು. ಬಹುಪಾಲು ಬಲಕ್ಕೆ ಹೊರಳುವ ಸ್ಲೈಸ್‌ನಿಂದ. ಯುರಥೇನ್ ಚೆಂಡು ಹೆಚ್ಚು ತಿರುಗುತ್ತದೆ ಎಂದಾದರೆ ನನ್ನ ಸ್ಲೈಸ್ ಇನ್ನೂ ಕೆಡುವುದಿಲ್ಲವೇ?

ಮುಳಾ-ಮುಠಾ (ಪುಣೆ)

ಚೆಂಡು ಬಲಕ್ಕೆ ಹೊರಳುವುದು ಕ್ಲಬ್‌ನ ಮುಖ ಸ್ವಿಂಗ್ ಸಾಗುವ ದಾರಿಗೆ ಹೋಲಿಸಿದರೆ ತೆರೆದಿರುವುದರಿಂದ. ಆಗ ಸ್ಪಿನ್‌ನ ಅಕ್ಷ ವಾಲುತ್ತದೆ, ಚೆಂಡು ವಾಲಿದ ಕಡೆಗೆ ಬಾಗುತ್ತದೆ. ಕಡಿಮೆ ತಿರುಗುವ ಚೆಂಡಿನಲ್ಲಿ ಆ ಬಾಗು ಸ್ವಲ್ಪ ಕಡಿಮೆಯಾಗುವುದು ನಿಜ. ರಫ್‌ನಲ್ಲಿ, ಅಂದರೆ ಅಂಚಿನ ಉದ್ದ ಹುಲ್ಲಿನಲ್ಲಿ, ಇಪ್ಪತ್ತು ಗಜ ಒಳಗೆ ಹೋಗುವುದು ಹದಿನೈದಕ್ಕೆ ಇಳಿಯಬಹುದು. ಆದರೆ ರಾಯರು ಹೇಳಿದಂತೆ, ಇವತ್ತಿನ ಪದರದ ಚೆಂಡುಗಳು ಡ್ರೈವರ್‌ನಲ್ಲಿ ಅಷ್ಟೇನೂ ಹೆಚ್ಚು ತಿರುಗುವುದಿಲ್ಲ. ಐದು ಗಜದ ಲಾಭಕ್ಕಾಗಿ ಗ್ರೀನ್ ಸುತ್ತಲಿನ ಹಿಡಿತವನ್ನು ಬಿಟ್ಟುಕೊಡುವುದು ನನ್ನ ಲೆಕ್ಕದಲ್ಲಿ ನಷ್ಟದ ವ್ಯಾಪಾರ. ಸ್ಲೈಸ್‌ಗೆ ಮದ್ದು ಕೋಚ್ ಬಳಿ ಇದೆ, ಡಬ್ಬಿಯಲ್ಲಿಲ್ಲ.

ಮಡಗಾಂವ್ ಕನ್ನಡಿಗ (ಗೋವಾ)

ಕರಾವಳಿಯ ಕಡೆಯಿಂದ ಒಂದೆರಡು ಮಾತು. ನಮ್ಮಲ್ಲಿ ದೊಡ್ಡ ಕೋರ್ಸ್ ಇಲ್ಲ. ದಕ್ಷಿಣ ಗೋವಾದ ಕಡಲ ದಂಡೆಯ ರೆಸಾರ್ಟ್‌ಗಳಲ್ಲಿ, ಕಾಣಕೋಣದ ಕಡೆ ಮತ್ತು ಮೋಬೋರ್‌ನಲ್ಲಿ, ಸಣ್ಣ ಕೋರ್ಸ್‌ಗಳಿವೆ. ಸಣ್ಣದಾದರೂ ಮಧ್ಯಾಹ್ನ ಎರಡರ ಮೇಲೆ ಸಮುದ್ರದ ಗಾಳಿ ಎದ್ದಾಗ ಚೆಂಡಿನ ಗುಣ ಬಯಲಾಗುತ್ತದೆ. ಎದುರುಗಾಳಿಯಲ್ಲಿ ಹೆಚ್ಚು ತಿರುಗುವ ಚೆಂಡು ಮೇಲಕ್ಕೇರಿ, ಅಲ್ಲೇ ತೇಲಿ, ತಲೆಯ ಮೇಲಿಂದ ಬಿದ್ದಂತೆ ಬೀಳುತ್ತದೆ. ಹಾಗಾಗಿ ಯುರಥೇನ್ ಚೆಂಡುಗಳಲ್ಲೇ ಕೆಳಮಟ್ಟದಲ್ಲಿ ಹಾರುವುದನ್ನು ನಾನು ಆರಿಸಿಕೊಂಡಿದ್ದೇನೆ. ಒಂದೇ ಕಂಪನಿಯ ಎರಡು ಮೇಲ್ದರ್ಜೆಯ ಚೆಂಡುಗಳಲ್ಲಿಯೂ ಎತ್ತರದ ವ್ಯತ್ಯಾಸವಿರುತ್ತದೆ. ಪ್ರೊ ವಿ1ಕ್ಕಿಂತ ಪ್ರೊ ವಿ1ಎಕ್ಸ್ ಎತ್ತರಕ್ಕೆ ಹಾರುತ್ತದೆ, ಮುಟ್ಟಿದರೆ ಗಟ್ಟಿ ಎನಿಸುತ್ತದೆ.

ಬೆಂಗಳೂರಿನಲ್ಲಿ ಆಡಿ ಕಲಿತವರು ಇಲ್ಲಿಗೆ ಬಂದಾಗ ಚೆಂಡನ್ನು ದೂರುವುದನ್ನು ಕೇಳಿದ್ದೇನೆ. ಚೆಂಡಿನ ತಪ್ಪಿಲ್ಲ. ಸಾವಿರ ಅಡಿ ಎತ್ತರಕ್ಕೆ ಸುಮಾರು ಶೇಕಡಾ 1ರಷ್ಟು ದೂರ ಹೆಚ್ಚುತ್ತದೆ ಎಂಬುದು ಆಟಗಾರರ ಸಾಮಾನ್ಯ ಲೆಕ್ಕ. ಮೂರು ಸಾವಿರ ಅಡಿಯ ಬೆಂಗಳೂರಿನಿಂದ ಕಡಲ ಮಟ್ಟಕ್ಕೆ ಇಳಿದರೆ 200 ಗಜದ ಹೊಡೆತದಲ್ಲಿ ಆರೇಳು ಗಜ ಹೋಯಿತು. ಪುಣೆ ಇವೆರಡರ ನಡುವೆ, ಸುಮಾರು 560 ಮೀಟರ್‌ನಲ್ಲಿದೆ. ಊರು ಬದಲಾದಾಗ ಚೆಂಡು ಬದಲಿಸಬೇಡಿ, ಕ್ಲಬ್ ಬದಲಿಸಿ.

ಬಣ್ಣದ ವಿಷಯ ಯಾರೂ ಎತ್ತಿಲ್ಲ. ನಮ್ಮ ಜಂಬಿಟ್ಟಿಗೆ ಮಣ್ಣಿನಲ್ಲಿ ಕೆಂಪು ಅಥವಾ ಕಿತ್ತಳೆ ಚೆಂಡು ಕಾಣೆಯಾದರೆ ಕಾಣೆಯಾದಂತೆಯೇ. ಇಲ್ಲಿ ಹಳದಿ ಸರಿ.

ಬಾವಧನ್ ಬೆಳಗಾವಿ (ಪುಣೆ)

ಪುಣೆಯಲ್ಲಿ ಅದರ ತಿರುಗಾಮುರುಗ. ಈಗ, ಏಪ್ರಿಲ್‌ನಲ್ಲಿ, ಇಲ್ಲಿನವರು ಸೋನಮೋಹರ್ ಎನ್ನುವ ಮರಗಳು ಫೇರ್‌ವೇ (ಆಟದ ಹುಲ್ಲುಹಾದಿ) ಅಂಚಿನುದ್ದಕ್ಕೂ ಹಳದಿ ಹೂ ಸುರಿಸುತ್ತಿವೆ. ಮೊನ್ನೆ ನನ್ನ ಹಳದಿ ಚೆಂಡು ಮರದ ಬುಡದ ಆ ಹಾಸಿನ ಮೇಲೆ ಬಿದ್ದದ್ದನ್ನು ನಾಲ್ವರು ಕಣ್ಣಾರೆ ಕಂಡಿದ್ದೆವು. ಮೂರು ನಿಮಿಷ ಹುಡುಕಿದರೂ ಸಿಗಲಿಲ್ಲ. ಹಿಂದಿರುಗುವಾಗ ಕ್ಯಾಡಿಯ ಕಾಲಿಗೇ ತಾಕಿತು, ಅಷ್ಟರಲ್ಲಿ ನಿಯಮದ ಪ್ರಕಾರ ಕಳೆದುಹೋಗಿತ್ತು. ಗುಲ್‌ಮೊಹರ್ ಅರಳಿದಾಗ ಕಿತ್ತಳೆ ಚೆಂಡಿಗೂ ಇದೇ ಗತಿ. ಮಳೆಗಾಲದ ಮಬ್ಬಿನಲ್ಲಿ ಹಳದಿ, ಹೂವಿನ ಕಾಲದಲ್ಲಿ ಬಿಳಿ ಎಂದು ನಾನು ನಿಶ್ಚಯಿಸಿಕೊಂಡಿದ್ದೇನೆ. ಒಂದೇ ಮಾದರಿ ಎರಡು ಬಣ್ಣದಲ್ಲಿ ಸಿಗುವುದಾದರೆ ಆಟ ಬದಲಾಗುವುದಿಲ್ಲ.

ಮಾಟುಂಗಾ ಮೈಸೂರು (ಮುಂಬಯಿ)

ನಿಯಮದ ಮಾತು ಬಂದದ್ದರಿಂದ, ಆಯ್ಕೆಗೆ ಸಂಬಂಧಪಟ್ಟಷ್ಟನ್ನು ಹೇಳುತ್ತೇನೆ. ಚೆಂಡಿನ ತೂಕ 45.93 ಗ್ರಾಂ ಮೀರಬಾರದು, ವ್ಯಾಸ 42.67 ಮಿಲಿಮೀಟರ್‌ಗಿಂತ ಕಡಿಮೆ ಇರಬಾರದು. ಸ್ಪರ್ಧೆಗೆ ಹೋಗುವವರು, ಗಾಲ್ಫ್ ನಿಯಮ ರೂಪಿಸುವ ಆರ್ ಆಂಡ್ ಎ ಮತ್ತು ಯುಎಸ್‌ಜಿಎ ಸಂಸ್ಥೆಗಳು ಪ್ರಕಟಿಸುವ ಅಂಗೀಕೃತ ಚೆಂಡುಗಳ ಪಟ್ಟಿಯಲ್ಲಿ ತಮ್ಮ ಚೆಂಡಿದೆಯೇ ಎಂದು ನೋಡಿಕೊಳ್ಳಬೇಕು. ಉಡುಗೊರೆ ಚೆಂಡುಗಳಲ್ಲಿ ಕೆಲವು ಅದರಲ್ಲಿ ಇರುವುದಿಲ್ಲ.

ಸಾಮಾನ್ಯ ಆಟದಲ್ಲಿ ಎರಡು ಹೋಲ್‌ಗಳ ನಡುವೆ ಚೆಂಡಿನ ಮಾದರಿ ಬದಲಿಸಬಹುದು. ರೌಂಡ್ ಪೂರ್ತಿ ಒಂದೇ ಮಾದರಿ ಎಂಬ ಸ್ಥಳೀಯ ನಿಯಮ ಹೆಚ್ಚಾಗಿ ವೃತ್ತಿಪರರ ಸ್ಪರ್ಧೆಗಳಲ್ಲಿರುತ್ತದೆ. ಆದರೆ ಒಂದು ಹೋಲ್ ಆಡುವಾಗ ಚೆಂಡು ತರಚಿದೆ, ಬಣ್ಣ ಹೋಗಿದೆ ಎಂದು ಬದಲಿಸುವಂತಿಲ್ಲ. ಸೀಳಿರಬೇಕು ಅಥವಾ ಬಿರುಕು ಬಿಟ್ಟಿರಬೇಕು. ಯುರಥೇನ್ ಕವಚ ಕಾರ್ಟ್ ದಾರಿಯ ಕಾಂಕ್ರೀಟಿಗೆ ಬಡಿದರೆ ಒರಟಾಗುತ್ತದೆ, ಆದರೂ ಆ ಹೋಲ್ ಅದರಲ್ಲೇ ಮುಗಿಸಬೇಕು. ಚೆಂಡಿನ ಮೇಲೆ ನಿಮ್ಮದೇ ಗುರುತು ಹಾಕಿ. ನಾಲ್ವರಲ್ಲಿ ಇಬ್ಬರದು ಒಂದೇ ಕಂಪನಿಯ, ಒಂದೇ ಅಂಕಿಯ ಚೆಂಡಾದಾಗ ರಫ್‌ನಲ್ಲಿ ಯಾವುದು ಯಾರದೆಂಬ ಗೊಂದಲ ಎರಡು ಹೊಡೆತದ ದಂಡಕ್ಕೆ ದಾರಿ.

ಪುಣೆಯವರಿಗೆ ಇನ್ನೊಂದು. ಡಿಸೆಂಬರ್ ಮುಂಜಾನೆಯ ಚಳಿಯಲ್ಲಿ ರಬ್ಬರ್ ಜಡವಾಗುತ್ತದೆ, ಗಾಳಿ ದಟ್ಟವಾಗುತ್ತದೆ; ಬೇಸಿಗೆಯ ಮಧ್ಯಾಹ್ನಕ್ಕೆ ಹೋಲಿಸಿದರೆ ಡ್ರೈವರ್‌ನಲ್ಲಿ ಎಂಟು ಹತ್ತು ಗಜ ಕಡಿಮೆಯಾಗುವುದು ಸಹಜ. ಅದಕ್ಕೆಂದು ಚೆಂಡನ್ನು ಬೇಕೆಂತಲೇ ಬಿಸಿ ಮಾಡಿ ಆಡುವುದು ನಿಯಮಬಾಹಿರ. ರಾತ್ರಿ ಕಾರಿನ ಡಿಕ್ಕಿಯಲ್ಲಿ ಬಿಡದೆ ಮನೆಯೊಳಗೆ ಇಟ್ಟರೆ ಸಾಕು. ಮೇ ತಿಂಗಳ ಬಿಸಿಲಿನಲ್ಲೂ ಅದೇ ಡಿಕ್ಕಿಯಲ್ಲಿ ವಾರಗಟ್ಟಲೆ ಬಿಡುವುದು ಒಳ್ಳೆಯದಲ್ಲ.

ಕೋಥ್ರೂಡ್ ಮಲೆನಾಡಿಗ (ಪುಣೆ)

ಮೂರು ವಾರದ ನಂತರ ವರದಿ ಒಪ್ಪಿಸುತ್ತಿದ್ದೇನೆ. ಮೂರು ಬಗೆ ತಂದೆ: ಒಂದು ಎರಡು ಪದರದ ಅಯೊನೊಮರ್ ಚೆಂಡು, ರಾಯರು ಹೇಳಿದ ನಡುಬೆಲೆಯ ಮೂರು ಪದರದ ಯುರಥೇನ್ ಒಂದು, ಮೇಲ್ದರ್ಜೆಯದು ಒಂದು. ಬೆಳಗ್ಗೆ ಆರೂವರೆಗೆ, ಇಬ್ಬನಿ ಇನ್ನೂ ಆರದ ಚಿಪ್ಪಿಂಗ್ ಗ್ರೀನ್‌ನಲ್ಲಿ, ಕ್ಯಾಡಿಯೇ ನನಗೆ ಕಾಣದಂತೆ ಬೆರೆಸಿ ಚೆಂಡು ಇಡುತ್ತಿದ್ದ. ಹತ್ತು ಗಜದಿಂದ ನನಗೆ ಯಾವ ವ್ಯತ್ಯಾಸವೂ ಗೊತ್ತಾಗಲಿಲ್ಲ. ಇಪ್ಪತ್ತರಿಂದ ಸಂಶಯ ಬಂತು. ನಲವತ್ತರಿಂದ ಸಂಶಯ ಉಳಿಯಲಿಲ್ಲ: ಯುರಥೇನ್ ಎರಡೂ ಬಿದ್ದ ಜಾಗದಿಂದ ನಾಲ್ಕೈದು ಹೆಜ್ಜೆಯೊಳಗೆ ನಿಲ್ಲುತ್ತಿದ್ದವು, ಅಯೊನೊಮರ್ ಚೆಂಡು ಹತ್ತು ಹನ್ನೊಂದು ಹೆಜ್ಜೆ ಓಡುತ್ತಿತ್ತು. ಹುಲ್ಲು ಒದ್ದೆಯಾಗಿದ್ದಾಗ ಈ ಅಂತರ ಇನ್ನೂ ಹೆಚ್ಚು, ಬಿಸಿಲೇರಿದಂತೆ ಕಡಿಮೆಯಾಯಿತು. ನಡುಬೆಲೆಯದಕ್ಕೂ ಮೇಲ್ದರ್ಜೆಯದಕ್ಕೂ ಇರುವ ವ್ಯತ್ಯಾಸ ನನ್ನ ಕೈಗೆ ಹತ್ತಲಿಲ್ಲ, ನುರಿತವರಿಗೆ ಹತ್ತೀತು. ಹಾಗಾಗಿ ನಡುಬೆಲೆಯ ಚೆಂಡು ಎರಡು ಡಜನ್ ತಂದಿದ್ದೇನೆ. ಚೆಂಬೂರಿನವರ ಮಾತನ್ನೂ ಬಿಟ್ಟಿಲ್ಲ: ನೀರು ದಾಟಿಸಬೇಕಾದ ಎರಡು ಹೋಲ್‌ಗಳಲ್ಲಿ ಕೈ ಬಿಗಿಯುತ್ತದೆಯೇ ಎಂದು ಗಮನಿಸುತ್ತಿದ್ದೇನೆ. ಮೊದಲ ರೌಂಡ್‌ನಲ್ಲಿ ಬಿಗಿಯಿತು, ಎರಡನೆಯದರಲ್ಲಿ ಇಲ್ಲ.

ಚೆಂಬೂರಿನಿಂದ (ಮುಂಬಯಿ)

ನಾಲ್ಕು ರೌಂಡ್‌ಗೆ ಒಂಬತ್ತು ಎಂದರೆ ನಾನು ಅಂದುಕೊಂಡದ್ದಕ್ಕಿಂತ ಕಡಿಮೆ. ನಿಮ್ಮ ಮಟ್ಟಿಗೆ ನನ್ನ ಆಕ್ಷೇಪ ಹಿಂತೆಗೆದುಕೊಳ್ಳುತ್ತೇನೆ. ಆದರೆ ನಿನ್ನೆ ಮೊನ್ನೆ ಆಟಕ್ಕೆ ಇಳಿದವರಿಗೆ ಅದು ಹಾಗೆಯೇ ಉಳಿಯಲಿ. ಅವರು ಕಡಿಮೆ ಬೆಲೆಯ ಒಂದೇ ಮಾದರಿಯನ್ನು ಬಿಡದೆ ಆಡುವುದೇ ಸರಿ. ಮಳೆಗಾಲದಲ್ಲಿ ಒದ್ದೆ ಹುಲ್ಲಿನ ಪರೀಕ್ಷೆ ಮತ್ತೊಮ್ಮೆ ಮಾಡಿ ಬರೆಯುತ್ತೀರಾ? ನವಿ ಮುಂಬಯಿಯ ಖಾರ್ಘರ್ ಕೋರ್ಸ್‌ನಲ್ಲಿ ಜೂನ್ ಬಂದರೆ ಚೆಂಡು ಉರುಳುವುದೇ ಇಲ್ಲ, ಬಿದ್ದಲ್ಲೇ ಹೂತುಕೊಳ್ಳುತ್ತದೆ. ಅಲ್ಲಿ ನಿಮ್ಮ ನಾಲ್ಕು ಹೆಜ್ಜೆ, ಹನ್ನೊಂದು ಹೆಜ್ಜೆಯ ಲೆಕ್ಕ ಏನಾಗುತ್ತದೆಂದು ನನಗೆ ಕುತೂಹಲವಿದೆ.

ಕೋಥ್ರೂಡ್ ಮಲೆನಾಡಿಗ (ಪುಣೆ)

ಖಂಡಿತ ಬರೆಯುತ್ತೇನೆ. ಚೀಲದಲ್ಲಿದ್ದ ಆ ಹತ್ತೊಂಬತ್ತು ಚೆಂಡುಗಳನ್ನು ಕ್ಯಾಡಿಯ ಮಗನಿಗೆ ಕೊಟ್ಟೆ. ಏಳನೇ ತರಗತಿಯ ಹುಡುಗ. ತೆಗೆದುಕೊಂಡವನು ಮೊದಲು ಮಾಡಿದ ಕೆಲಸವೆಂದರೆ ಅವನ್ನು ನೆಲದ ಮೇಲೆ ಹರಡಿ, ಒಂದೊಂದನ್ನೂ ಉಗುರಿನಿಂದ ಒತ್ತಿ ನೋಡಿ, ಕವಚದ ಬಗೆಯಂತೆ ಎರಡು ಸಾಲಾಗಿ ಬೇರ್ಪಡಿಸಿದ್ದು. ಅಕ್ಷರ ಅಳಿಸಿದ ಎರಡನ್ನೂ ಅವನು ಸರಿಯಾದ ಸಾಲಿನಲ್ಲೇ ಇಟ್ಟಿದ್ದಾನೆಂದು ಅವನಪ್ಪ ಹೇಳಿದ.